ಜೋಳಿಗೆಗೆ ಯಾವುದು, ಸೊಂಟಕ್ಕೆ ಯಾವುದು: ಡಿ ಅಂಡ್ ಡಿ ಪಾತ್ರದ ಮಾಂತ್ರಿಕ ವಸ್ತುಗಳ ಹೋಲಿಕೆ

ನಿಧಿಪೆಟ್ಟಿಗೆಯ ಬೀಗ ತೆರೆದು, ಒಳಗಿರುವ ಮಾಂತ್ರಿಕ ವಸ್ತುಗಳನ್ನು ಡಿಎಂ (ಡಂಜನ್ ಮಾಸ್ಟರ್, ಎಂದರೆ ಆಟ ನಡೆಸುವವರು) ಒಂದೊಂದಾಗಿ ಓದಿ ಹೇಳಿದ ಮೇಲೆ, ಯಾವುದು ಯಾರಿಗೆ ಎಂಬ ಚರ್ಚೆ ನಮ್ಮ ಮೇಜಿನಲ್ಲಿ ಎಷ್ಟೋ ಸಲ ಕಾಳಗಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬಸವನಗುಡಿಯ ಮನೆಯೊಂದರಲ್ಲಿ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಎಂಬ, ಒಬ್ಬೊಬ್ಬರೂ ಒಂದು ಪಾತ್ರವಾಗಿ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟವನ್ನು ಕನ್ನಡದಲ್ಲಿಯೇ ಆಡುವ ಆರು ಮಂದಿಯ ತಂಡ ನಮ್ಮದು. ಹೊಸದಾಗಿ ಸೇರಿದವರು ವಸ್ತುವಿನ ವಿರಳತೆಯನ್ನು ನೋಡಿ ಆರಿಸುತ್ತಾರೆ. ‘ರೇರ್’ ಎಂದಿದ್ದರೆ ‘ಅನ್‌ಕಾಮನ್’ಗಿಂತ ಮೇಲು ಎಂದು ಭಾವಿಸುತ್ತಾರೆ. ಆ ಅಳತೆಗೋಲು ಬಹಳ ಸಲ ದಾರಿ ತಪ್ಪಿಸುವುದನ್ನು ಕಣ್ಣಾರೆ ಕಂಡಿರುವುದರಿಂದ, ಒಂದೇ ಕೆಲಸಕ್ಕೆ ಬರುವ ಎರಡು ವಸ್ತುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದನ್ನು ಇಲ್ಲಿ ಜೋಡಿಜೋಡಿಯಾಗಿ ಹೋಲಿಸಿದ್ದೇನೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ ಮೊದಲು ಪ್ರಕಟವಾದದ್ದು 1974ರಲ್ಲಿ. ನಾವು ಆಡುವುದು 2014ರಲ್ಲಿ ಬಂದ ಐದನೆಯ ಆವೃತ್ತಿಯ ನಿಯಮಗಳಂತೆ, ಮತ್ತು ಕೆಳಗಿನ ಅಂಕಿಗಳೆಲ್ಲ ಅಲ್ಲಿಯವೇ. ಆಟಗಾರರ ಕೈಪಿಡಿ 2024ರಲ್ಲಿ ಪರಿಷ್ಕೃತವಾಗಿದ್ದು, ಆ ಪ್ರತಿ ಇಟ್ಟುಕೊಂಡವರು ತಮ್ಮ ಡಿಎಂ ಜೊತೆ ಒಮ್ಮೆ ತಾಳೆ ನೋಡಿಕೊಳ್ಳುವುದು ಒಳ್ಳೆಯದು.

ಹೋಲಿಕೆಗೆ ತೊಡಗುವ ಮುನ್ನ, ಒಂದು ವಸ್ತು ಪಾತ್ರದಿಂದ ಏನನ್ನು ಕೇಳುತ್ತದೆ ಎಂಬುದನ್ನು ಗಮನಿಸಬೇಕು. ಕೆಲವು ವಸ್ತುಗಳು ಅಟ್ಯೂನ್‌ಮೆಂಟ್ ಕೇಳುತ್ತವೆ. ಎಂದರೆ ಒಂದು ತಾಸಿನ ವಿಶ್ರಾಂತಿಯಲ್ಲಿ ಆ ವಸ್ತುವಿನ ಮೇಲೆಯೇ ಮನಸ್ಸು ನಿಲ್ಲಿಸಿ ಅದನ್ನು ತನ್ನದಾಗಿ ಮಾಡಿಕೊಳ್ಳಬೇಕು, ಮತ್ತು ಹೀಗೆ ಒಂದು ಪಾತ್ರ ಏಕಕಾಲದಲ್ಲಿ ಮೂರಕ್ಕಿಂತ ಹೆಚ್ಚು ವಸ್ತುಗಳನ್ನು ಹೊಂದುವಂತಿಲ್ಲ. ಕೆಲವು ವಸ್ತುಗಳು ಒಂದು ಕೈಯನ್ನು ಕೇಳುತ್ತವೆ, ಗುರಾಣಿ ಮತ್ತು ಕತ್ತಿ ಹಿಡಿದವನ ಬಳಿ ಅದು ಉಳಿದಿರುವುದಿಲ್ಲ. ಇನ್ನು ಕೆಲವು ವಸ್ತುಗಳು ಆರು ಸೆಕೆಂಡಿನ ಒಂದು ಸುತ್ತಿನಲ್ಲಿ ಪಾತ್ರಕ್ಕೆ ದೊರೆಯುವ ಒಂದೇ ಒಂದು ಆ್ಯಕ್ಷನ್ ಅನ್ನು ನುಂಗುತ್ತವೆ. ನನ್ನ ಅನುಭವದಲ್ಲಿ ವಸ್ತುವಿನ ನಿಜವಾದ ಬೆಲೆ ಈ ಮೂರರಲ್ಲಿ ಇದೆ. ಚಿನ್ನದ ನಾಣ್ಯಗಳ ಲೆಕ್ಕ ಆಮೇಲಿನದು.

ಮೊದಲು ಚೀಲಗಳನ್ನು ನೋಡೋಣ, ಏಕೆಂದರೆ ತಂಡಗಳು ಮೊದಲು ಬಯಸುವುದೇ ಅದನ್ನು. ಬ್ಯಾಗ್ ಆಫ್ ಹೋಲ್ಡಿಂಗ್ ‘ಅನ್‌ಕಾಮನ್’ ದರ್ಜೆಯದು ಮತ್ತು ಅಟ್ಯೂನ್‌ಮೆಂಟ್ ಕೇಳುವುದಿಲ್ಲ. ಒಳಗೆ 500 ಪೌಂಡ್ ತೂಕ ಹಿಡಿಯುತ್ತದೆ, ಎಂದರೆ ಸುಮಾರು 227 ಕೆ.ಜಿ.; ನಮ್ಮ ಅಂಗಡಿಗಳಲ್ಲಿ ಸಿಗುವ 25 ಕೆ.ಜಿ.ಯ ಅಕ್ಕಿ ಮೂಟೆಗಳು ಒಂಬತ್ತು. ಅಷ್ಟನ್ನು ತುಂಬಿದರೂ, ಏನನ್ನೂ ತುಂಬದಿದ್ದರೂ, ಚೀಲದ ತೂಕ ಮಾತ್ರ 15 ಪೌಂಡ್. ಆದರೆ ಅದರ ಬಾಯಿ ಎರಡು ಅಡಿ ಅಗಲ ಮತ್ತು ಆಳ ನಾಲ್ಕು ಅಡಿ ಎಂಬುದನ್ನು ಹಲವರು ಮರೆಯುತ್ತಾರೆ. ಏಣಿ, ಹತ್ತು ಅಡಿಯ ಗಳು, ಉದ್ದನೆಯ ಭರ್ಚಿ, ಇವು ಯಾವುವೂ ಅದರಲ್ಲಿ ಪೂರ್ತಿ ಇಳಿಯುವುದಿಲ್ಲ. ಚೂಪಾದ ವಸ್ತುವಿನಿಂದ ಚೀಲ ತೂತಾದರೆ ಅಥವಾ ಮಿತಿ ಮೀರಿ ತುಂಬಿದರೆ ಅದು ಹರಿದು ನಾಶವಾಗಿ, ಒಳಗಿದ್ದದ್ದೆಲ್ಲ ಆಟದ ಜಗತ್ತಿನಾಚೆಯ ಆಸ್ಟ್ರಲ್ ಲೋಕದಲ್ಲಿ ಚದುರಿಹೋಗುತ್ತದೆ.

ಹ್ಯಾಂಡಿ ಹ್ಯಾವರ್‌ಸ್ಯಾಕ್ ‘ರೇರ್’ ದರ್ಜೆಯದಾದರೂ ಹಿಡಿಯುವುದು ಕಡಿಮೆ: ಪಕ್ಕದ ಎರಡು ಜೇಬುಗಳಲ್ಲಿ ತಲಾ 20 ಪೌಂಡ್, ನಡುವಿನ ದೊಡ್ಡ ಜೇಬಿನಲ್ಲಿ 80 ಪೌಂಡ್. ಅದರ ಸ್ವಂತ ತೂಕ ಕೇವಲ 5 ಪೌಂಡ್. ಅದರ ವಿಶೇಷವೆಂದರೆ, ಬೇಕಾದ ವಸ್ತುವನ್ನು ನೆನೆದು ಕೈ ಹಾಕಿದರೆ ಆ ವಸ್ತು ತಾನಾಗಿಯೇ ಎಲ್ಲಕ್ಕಿಂತ ಮೇಲೆ ಬಂದಿರುತ್ತದೆ. ಹೀಗಿದ್ದರೂ ಎರಡೂ ಚೀಲಗಳಿಂದ ವಸ್ತುವನ್ನು ತೆಗೆಯಲು ಒಂದು ಆ್ಯಕ್ಷನ್ ಬೇಕೇ ಬೇಕು. ಈ ಒಂದು ಸಾಲಿನ ನಿಯಮದಿಂದಾಗಿ ನಮ್ಮ ತಂಡ ಒಬ್ಬ ಸಂಗಾತಿಯನ್ನು ಕಳೆದುಕೊಂಡಿತು.

ಕಲ್ಲಿನ ಸೇತುವೆಯೊಂದರ ಮೇಲೆ ಕಾಳಗ ನಡೆಯುತ್ತಿದ್ದಾಗ ನಮ್ಮ ಕಳ್ಳಿಯ ಪಾತ್ರ ಸತ್ತುಬಿದ್ದಳು. ಕ್ಲೆರಿಕ್, ಎಂದರೆ ದೇವರ ಬಲದಿಂದ ಮಂತ್ರ ಹಾಕುವ ಪೂಜಾರಿ, ಅವಳ ಪಕ್ಕದಲ್ಲೇ ಮಂಡಿಯೂರಿದ್ದ. ಅವನಿಗೆ ಸತ್ತವರನ್ನು ಬದುಕಿಸುವ ರಿವಿವಿಫೈ ಮಂತ್ರ ಬರುತ್ತಿತ್ತು, ಮಂತ್ರದ ಬಲವೂ ಇನ್ನೂ ಖರ್ಚಾಗಿರಲಿಲ್ಲ. ಸತ್ತು ಒಂದು ನಿಮಿಷದೊಳಗೆ, ಎಂದರೆ ಹತ್ತು ಸುತ್ತುಗಳೊಳಗೆ, ಆ ಮಂತ್ರ ಹಾಕಬೇಕು. ಅದಕ್ಕೆ 300 ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು. ವಜ್ರ ಬ್ಯಾಗ್ ಆಫ್ ಹೋಲ್ಡಿಂಗ್‌ನಲ್ಲಿತ್ತು, ಬ್ಯಾಗು ಸೇತುವೆಯ ಆ ತುದಿಯಲ್ಲಿ ಕಾದಾಡುತ್ತಿದ್ದ ಕುಬ್ಜ ಯೋಧನ ಬೆನ್ನಿನ ಮೇಲಿತ್ತು, ಮತ್ತು ಅವನಿಗೂ ನಮಗೂ ನಡುವೆ ಇಬ್ಬರು ಓಗರ್ ರಾಕ್ಷಸರು ನಿಂತಿದ್ದರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಮಾತು ಅಷ್ಟು ಚೆನ್ನಾಗಿ ಒಪ್ಪುವ ಸನ್ನಿವೇಶವನ್ನು ನಾನು ಬೇರೆ ಕಂಡಿಲ್ಲ. ಡಿಎಂ ಪ್ರತಿ ಸುತ್ತಿಗೂ ಒಂದು ಹುಣಸೆಬೀಜವನ್ನು ಮೇಜಿನ ಮೇಲೆ ಸದ್ದಾಗುವಂತೆ ಇಡುತ್ತಾ ಹೋದರು. ಹತ್ತನೆಯ ಬೀಜ ಇಟ್ಟಾಗ ವಜ್ರ ಚೀಲದಿಂದ ಹೊರಗೆ ಬಂದಿತ್ತು, ಕ್ಲೆರಿಕ್‌ನ ಕೈ ಸೇರಿರಲಿಲ್ಲ. ಮೇಜಿನ ಸುತ್ತ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಸುಲಿಗೆಯ ಸಾಮಾನು, ಡೇರೆ, ಹಗ್ಗ, ಮಾರಬೇಕಾದ ರಕ್ಷಾಕವಚಗಳು, ಇವುಗಳಿಗೆ ಬ್ಯಾಗ್ ಆಫ್ ಹೋಲ್ಡಿಂಗ್ ಸಾಕು ಮತ್ತು ಅದು ತಂಡದಲ್ಲಿ ಅತ್ಯಂತ ಬಲಶಾಲಿಯಾದವನ ಬೆನ್ನಿನ ಮೇಲಿರಲಿ. ಹ್ಯಾವರ್‌ಸ್ಯಾಕ್ ಸಿಕ್ಕರೆ ಅದನ್ನು ಮಂತ್ರವಾದಿಗೆ ಕೊಡಿ, ಏಕೆಂದರೆ ತೂಕ ಹೊರಲಾರದ ಪಾತ್ರಕ್ಕೆ ಆ 10 ಪೌಂಡ್ ವ್ಯತ್ಯಾಸ ದೊಡ್ಡದು. ಆದರೆ ಜೀವ ಉಳಿಸುವ ವಸ್ತು ಯಾವುದೇ ಇರಲಿ, ಅದು ಮಾಂತ್ರಿಕ ಚೀಲದಲ್ಲಿ ಇರಬಾರದು. ಅದನ್ನು ಬಳಸಬೇಕಾದವರ ಸೊಂಟದ ಸಾಮಾನ್ಯ ಜೇಬಿನಲ್ಲಿ ಇರಬೇಕು. ಅಲ್ಲಿಂದ ತೆಗೆಯಲು ಆ್ಯಕ್ಷನ್ ಖರ್ಚಾಗುವುದಿಲ್ಲ. ಜೊತೆಗೆ, ಒಂದರೊಳಗೆ ಇನ್ನೊಂದನ್ನು ಇಡುವ ಯೋಚನೆಯನ್ನೇ ಮಾಡಬೇಡಿ: ಬ್ಯಾಗ್ ಆಫ್ ಹೋಲ್ಡಿಂಗನ್ನು ಹ್ಯಾವರ್‌ಸ್ಯಾಕ್ ಅಥವಾ ಪೋರ್ಟಬಲ್ ಹೋಲ್ ಎಂಬ ಮಡಚಿ ಒಯ್ಯುವ ಮಾಂತ್ರಿಕ ಗುಂಡಿಯೊಳಗೆ ಇಟ್ಟರೆ ಎರಡೂ ನಾಶವಾಗಿ ಆಸ್ಟ್ರಲ್ ಲೋಕದ ಬಾಗಿಲು ತೆರೆದುಕೊಳ್ಳುತ್ತದೆ ಮತ್ತು ಹತ್ತು ಅಡಿಯೊಳಗೆ ಇದ್ದವರನ್ನೆಲ್ಲ ಒಳಗೆಳೆಯುತ್ತದೆ.

ಎರಡನೆಯ ಹೋಲಿಕೆ ಮಂತ್ರವಾದಿಯ ಉಪಕರಣದ್ದು, ಮತ್ತು ನನಗೆ ಬಹಳ ಪ್ರಿಯವಾದದ್ದು. ಆಟ ಶುರುವಾಗುವಾಗಲೇ ವಿಝರ್ಡ್ ಪಾತ್ರದವರು ಆರ್ಕೇನ್ ಫೋಕಸ್ ಬೇಕೋ, ಕಾಂಪೊನೆಂಟ್ ಪೌಚ್ ಬೇಕೋ ಎಂದು ತೀರ್ಮಾನಿಸಬೇಕಾಗುತ್ತದೆ. ಫೋಕಸ್ ಎಂದರೆ ಊರುಗೋಲು, ದಂಡ, ಸ್ಫಟಿಕ ಅಥವಾ ಗೋಳ. ಊರುಗೋಲಿಗೆ 5 ಚಿನ್ನದ ನಾಣ್ಯ, ಗೋಳಕ್ಕೆ 20. ಪೌಚ್‌ಗೆ 25 ನಾಣ್ಯ. ನೀರು ಒಳಗಿಳಿಯದ, ಸೊಂಟಕ್ಕೆ ಕಟ್ಟುವ, ಒಳಗೆ ಹಲವು ಅರೆಗಳಿರುವ ಪುಟ್ಟ ಚರ್ಮದ ಚೀಲ ಅದು. ಹಳ್ಳಿಯ ಅಜ್ಜಿಯರ ಎಲೆಅಡಿಕೆ ಸಂಚಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆ ಕಾಸಿಗೊಂದು ಅರೆ. ಕೈ ನೋಡದೆಯೇ ಬೇಕಾದ ಅರೆಗೆ ಹೋಗುತ್ತದೆ. ನಮ್ಮ ತಂಡದಲ್ಲಿ ವಿಝರ್ಡ್ ಆಡುವವರು ಮನೆಯಲ್ಲಿದ್ದ ಅಂಥದೇ ಹಳೆಯ ಸಂಚಿಯೊಂದನ್ನು ಮೇಜಿಗೆ ತರುತ್ತಾರೆ. ಅದರೊಳಗೆ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ತಂದ ಚೂರು ಸಾಂಬ್ರಾಣಿ, ಇದ್ದಿಲು, ಒಂದು ತಾಮ್ರದ ಕಾಸು ಮತ್ತು ಎಲ್ಲೋ ಹೆಕ್ಕಿದ ಹಕ್ಕಿಯ ಗರಿ ಇವೆ. ಸಂಚಿಯ ದಾರ ಬಿಚ್ಚಿದೊಡನೆ ಸಾಂಬ್ರಾಣಿಯ ವಾಸನೆ ಮೇಜಿನ ತುಂಬ ಹರಡುತ್ತದೆ, ಮತ್ತು ಯಾರೋ ಮಂತ್ರ ಹಾಕಲಿದ್ದಾರೆ ಎಂಬುದು ಬಾಯಿ ತೆರೆಯುವ ಮೊದಲೇ ಎಲ್ಲರಿಗೂ ತಿಳಿಯುತ್ತದೆ.

ನಿಯಮದ ಲೆಕ್ಕದಲ್ಲಿ ಫೋಕಸ್ ಮತ್ತು ಪೌಚ್ ಒಂದೇ ಕೆಲಸ ಮಾಡುತ್ತವೆ. ಫೈರ್‌ಬಾಲ್ ಮಂತ್ರಕ್ಕೆ ಬಾವಲಿಯ ಹಿಕ್ಕೆ ಮತ್ತು ಗಂಧಕದ ಉಂಡೆ, ಲೈಟ್ ಮಂತ್ರಕ್ಕೆ ಮಿಂಚುಹುಳು ಅಥವಾ ಹೊಳೆಯುವ ಪಾಚಿ, ಡಿಟೆಕ್ಟ್ ಥಾಟ್ಸ್ ಮಂತ್ರಕ್ಕೆ ತಾಮ್ರದ ಕಾಸು. ಬೆಲೆ ನಮೂದಿಸದ ಇಂಥ ದ್ರವ್ಯಗಳೆಲ್ಲ ಪೌಚ್‌ನಲ್ಲಿ ಇವೆಯೆಂದೇ ಲೆಕ್ಕ, ಮತ್ತು ಫೋಕಸ್ ಇದ್ದರೆ ಇವು ಬೇಕಿಲ್ಲ. ಬೆಲೆ ನಮೂದಿಸಿರುವ ಅಥವಾ ಮಂತ್ರದಲ್ಲಿ ವ್ಯಯವಾಗುವ ದ್ರವ್ಯವನ್ನು ಮಾತ್ರ ಎರಡೂ ಬಗೆಯವರು ಬೇರೆಯಾಗಿ ಕೊಳ್ಳಬೇಕು: ಐಡೆಂಟಿಫೈ ಮಂತ್ರಕ್ಕೆ 100 ನಾಣ್ಯದ ಮುತ್ತು, ಫೈಂಡ್ ಫೆಮಿಲಿಯರ್ ಮಂತ್ರಕ್ಕೆ ಹಿತ್ತಾಳೆಯ ಅಗ್ಗಿಷ್ಟಿಕೆಯಲ್ಲಿ ಸುಡಬೇಕಾದ 10 ನಾಣ್ಯದಷ್ಟು ಇದ್ದಿಲು, ಧೂಪ ಮತ್ತು ಗಿಡಮೂಲಿಕೆ.

ಹಾಗಾದರೆ ಆಯ್ಕೆ ಯಾವುದರ ಮೇಲೆ ನಿಲ್ಲುತ್ತದೆ? ಪಾತ್ರ ಎಂಥ ಕಡೆಗೆ ಹೋಗುತ್ತದೆ ಎಂಬುದರ ಮೇಲೆ. ಊರುಗೋಲನ್ನು ಆಯುಧವಾಗಿಯೂ ಬೀಸಬಹುದು, 2024ರ ಕೈಪಿಡಿ ಅದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಕಾಡು, ಗುಹೆ, ಹಾಳುಕೋಟೆಗಳಲ್ಲಿ ಅಲೆಯುವ ಪಾತ್ರಕ್ಕೆ ಅದೇ ಹೆಚ್ಚು ಉಪಯುಕ್ತ. ಆದರೆ ಅರಮನೆಯ ಸಭೆಗೆ, ನಗರದ ಅಂಗಡಿಬೀದಿಗೆ, ಸೆರೆಮನೆಯ ಬಾಗಿಲಿಗೆ ಹೋಗುವ ಪಾತ್ರದ ಕೈಯಿಂದ ಕಾವಲುಗಾರರು ಮೊದಲು ಕಿತ್ತುಕೊಳ್ಳುವುದು ಊರುಗೋಲನ್ನೇ. ಸೊಂಟದ ಸಂಚಿ ಎಷ್ಟೋ ಸಲ ಅವರ ಕಣ್ಣಿಗೆ ಬೀಳುವುದಿಲ್ಲ. ಕೆಲವು ನಾಣ್ಯಗಳ ಉಳಿತಾಯಕ್ಕೆ ಮನಸೋಲದೆ, ಎರಡನ್ನೂ ಇಟ್ಟುಕೊಳ್ಳುವುದು ನನ್ನ ರೂಢಿ: ಕೈಯಲ್ಲಿ ಊರುಗೋಲು, ಅಂಗಿಯೊಳಗೆ ಸಂಚಿ. ಇನ್ನು ಕ್ಲೆರಿಕ್‌ಗಳು ತಮ್ಮ ದೇವರ ಲಾಂಛನವನ್ನು ಗುರಾಣಿಯ ಮೇಲೆಯೇ ಬರೆಸಿಕೊಂಡರೆ ಒಂದು ಕೈ ಉಳಿಯುತ್ತದೆ. ಕತ್ತಿನ ತಾಯಿತಕ್ಕಿಂತ ಅದು ಮೇಲು.

ದಂಡಗಳ ವಿಷಯದಲ್ಲಿ ಲೆಕ್ಕವೇ ಉತ್ತರ ಕೊಡುತ್ತದೆ. ವಾಂಡ್ ಆಫ್ ಮ್ಯಾಜಿಕ್ ಮಿಸೈಲ್ಸ್ ‘ಅನ್‌ಕಾಮನ್’, ಅಟ್ಯೂನ್‌ಮೆಂಟ್ ಬೇಡ, ಮಂತ್ರ ಬಾರದ ಯೋಧನೂ ಬಳಸಬಹುದು, ಅದರಿಂದ ಹೊಮ್ಮುವ ಮಾಂತ್ರಿಕ ಬಾಣಗಳು ತಪ್ಪದೆ ತಗಲುತ್ತವೆ. ಅದರಲ್ಲಿ ಏಳು ಚಾರ್ಜ್‌ಗಳು, ಎಂದರೆ ಬಳಕೆಗೆ ಕೂಡಿಟ್ಟ ಏಳು ಪಾಲು ಬಲ, ಇವೆ. ಏಳನ್ನೂ ಒಂದೇ ಸಲ ಸುರಿದರೆ ಒಂಬತ್ತು ಬಾಣಗಳು. ಒಂದೊಂದಾಗಿ ಏಳು ಸಲ ಬಳಸಿದರೆ ಇಪ್ಪತ್ತೊಂದು. ಒಂದು ಬಾಣಕ್ಕೆ ಸರಾಸರಿ ಮೂರೂವರೆ ಪೆಟ್ಟು. ಆದ್ದರಿಂದ ಎದುರಾಳಿ ಈ ಸುತ್ತಿನಲ್ಲಿಯೇ ಬೀಳಬೇಕಾದ ಅನಿವಾರ್ಯ ಇಲ್ಲದಿದ್ದರೆ ಒಟ್ಟಿಗೆ ಸುರಿಯುವುದು ನಷ್ಟ. ಕೊನೆಯ ಚಾರ್ಜ್ ಬಳಸಿದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು, 1 ಬಿದ್ದರೆ ದಂಡ ಬೂದಿಯಾಗುತ್ತದೆ. ದಿನಾ ಬೆಳಗಿನ ಜಾವ ದಾಳ ಬಿದ್ದಂತೆ ಕನಿಷ್ಠ ಎರಡು, ಗರಿಷ್ಠ ಏಳು ಚಾರ್ಜ್‌ಗಳು ಮರಳಿ ತುಂಬುವುದರಿಂದ, ಒಂದನ್ನು ಉಳಿಸಿ ಮಲಗುವುದು ವಿವೇಕ.

ವಾಂಡ್ ಆಫ್ ಫೈರ್‌ಬಾಲ್ಸ್ ‘ರೇರ್’, ಮಂತ್ರ ಬಲ್ಲವರಿಗೆ ಮಾತ್ರ, ಮೂರರಲ್ಲಿ ಒಂದು ಅಟ್ಯೂನ್‌ಮೆಂಟ್ ಸ್ಥಾನವನ್ನು ಕಬಳಿಸುತ್ತದೆ. ಅದರ ಬೆಂಕಿಯ ಪೆಟ್ಟನ್ನು ಅರ್ಧಕ್ಕೆ ಇಳಿಸಿಕೊಳ್ಳಲು ಎದುರಾಳಿಯ ದಾಳದ ಮೊತ್ತ ಕನಿಷ್ಠ 15 ಆಗಬೇಕು. ಐದನೆಯ ಮಟ್ಟದಲ್ಲಿ ಬುದ್ಧಿಯ ಗುಣಾಂಕ +4 ಇರುವ ವಿಝರ್ಡ್‌ನ ಸ್ವಂತ ಮಂತ್ರಕ್ಕೂ ಇದೇ ಅಂಕಿ. ಒಂಬತ್ತನೆಯ ಮಟ್ಟ ತಲುಪಿ ಗುಣಾಂಕ +5 ಆದಾಗ ಅವನ ಸ್ವಂತ ಅಂಕಿ 17 ಆಗುತ್ತದೆ, ದಂಡ ಮಾತ್ರ 15ರಲ್ಲಿಯೇ ನಿಂತಿರುತ್ತದೆ. ಆಗಲೂ ಮಂತ್ರದ ಬಲ ಉಳಿಸುವ ಉಪಯೋಗ ಅದಕ್ಕೆ ಇದ್ದೇ ಇದೆ, ಆದರೆ ಅದಕ್ಕಾಗಿ ಇಡೀ ಅಭಿಯಾನದುದ್ದಕ್ಕೂ ಒಂದು ಸ್ಥಾನ ಮೀಸಲಿಡುವುದು ನನಗೆ ಒಪ್ಪಿಗೆಯಿಲ್ಲ. ಎರಡರಲ್ಲಿ ಒಂದೇ ಸಿಗುವುದಾದರೆ ನಾನು ಮೊದಲನೆಯದನ್ನು ಯೋಧನ ಕೈಗೆ ಕೊಡುತ್ತೇನೆ. ದೂರದ ಶತ್ರುವಿನ ಮುಂದೆ ಕೈಕಟ್ಟಿ ನಿಲ್ಲುವ ಪಾತ್ರಕ್ಕೆ ಅದು ಹೊಸ ಕೆಲಸವನ್ನೇ ಕೊಡುತ್ತದೆ. ಮಂತ್ರದ ಸುರುಳಿಗಳು ಅಗ್ಗವೆನಿಸಿದರೂ, ಆ ಮಂತ್ರ ತಮ್ಮ ವರ್ಗದ ಪಟ್ಟಿಯಲ್ಲಿ ಇಲ್ಲದವರಿಗೆ ಅವು ಓದಲಾಗದ ಕಾಗದ. ಗುಣಪಡಿಸುವ ಪೋಷನ್ 50 ನಾಣ್ಯಕ್ಕೆ ಸರಾಸರಿ ಏಳು ಜೀವಾಂಕ ಮಾತ್ರ ಮರಳಿಸುತ್ತದೆ, ಆದರೆ ಯಾರು ಬೇಕಾದರೂ ಬಿದ್ದವರ ಬಾಯಿಗೆ ಹಾಕಬಹುದು. ಪ್ರತಿ ಪಾತ್ರದ ಬಳಿ ಒಂದು ಇರಲೇಬೇಕು. ಅದನ್ನು ತಾನೇ ಕುಡಿಯಲು ಹಿಂದೆ ಪೂರ್ತಿ ಆ್ಯಕ್ಷನ್ ಬೇಕಿತ್ತು, 2024ರ ನಿಯಮದಲ್ಲಿ ಬೋನಸ್ ಆ್ಯಕ್ಷನ್, ಎಂದರೆ ಆ್ಯಕ್ಷನ್ ಜೊತೆಗೆ ದೊರೆಯುವ ಪುಟ್ಟ ಅವಕಾಶ, ಸಾಕು.

ಹಾರುವ ಆಸೆ ಇದ್ದರೆ ಬ್ರೂಮ್ ಆಫ್ ಫ್ಲೈಯಿಂಗ್ ಮತ್ತು ವಿಂಗ್ಡ್ ಬೂಟ್ಸ್ ನಡುವೆ ಆರಿಸಬೇಕು, ಎರಡೂ ‘ಅನ್‌ಕಾಮನ್’. ಪೊರಕೆಗೆ ಅಟ್ಯೂನ್‌ಮೆಂಟ್ ಬೇಡ, ವೇಗ 50 ಅಡಿ, ಹೊರುವ ಮಿತಿ 400 ಪೌಂಡ್, 200 ದಾಟಿದರೆ ವೇಗ 30 ಅಡಿಗೆ ಇಳಿಯುತ್ತದೆ. ಬೂಟುಗಳು ಒಂದು ಸ್ಥಾನ ಕೇಳುತ್ತವೆ, ಒಟ್ಟು ನಾಲ್ಕು ತಾಸು ಮಾತ್ರ ಹಾರಿಸುತ್ತವೆ. ಕಾಗದದ ಮೇಲೆ ಪೊರಕೆಯೇ ಗೆಲ್ಲುತ್ತದೆ. ಆದರೆ ಪೊರಕೆಯನ್ನು ಕಸಿದುಕೊಳ್ಳಬಹುದು, ಬಾಗಿಲಾಚೆ ಬಿಟ್ಟು ಬಾ ಎನ್ನಬಹುದು; ಕಾಲಿಗೆ ಹಾಕಿಕೊಂಡ ಬೂಟನ್ನು ಯಾರೂ ಅನುಮಾನಿಸುವುದಿಲ್ಲ. ಮೇಲುಡುಪುಗಳ ವಿಷಯ ಇನ್ನೂ ಸರಳ: ಕ್ಲೋಕ್ ಆಫ್ ಪ್ರೊಟೆಕ್ಷನ್ ಮತ್ತು ರಿಂಗ್ ಆಫ್ ಪ್ರೊಟೆಕ್ಷನ್ ಕೊಡುವುದು ಒಂದೇ +1 ರಕ್ಷಣೆ, ಎರಡಕ್ಕೂ ಅಟ್ಯೂನ್‌ಮೆಂಟ್ ಬೇಕು, ಉಂಗುರ ಮಾತ್ರ ‘ರೇರ್’ ಎಂಬ ಕಾರಣಕ್ಕೆ ದುಬಾರಿ. ಬೇರೆ ಮೇಲುಹೊದಿಕೆ ಬೇಕಿಲ್ಲದಿದ್ದರೆ ಕ್ಲೋಕ್ ಕೊಳ್ಳಿ.

ಶಾಪಗ್ರಸ್ತ ವಸ್ತುಗಳ ಬಗ್ಗೆ ಒಂದು ಮಾತು ಇಲ್ಲಿ ಅಗತ್ಯ. ಐಡೆಂಟಿಫೈ ಮಂತ್ರ ವಸ್ತುವಿನ ಗುಣವನ್ನು ಹೇಳುತ್ತದೆ, ಶಾಪವನ್ನು ಹೇಳುವುದಿಲ್ಲ. ಸಾಮಾನ್ಯ +1 ಕೊಡಲಿ ಮತ್ತು ಬರ್ಸರ್ಕರ್ ಆ್ಯಕ್ಸ್ ಎದುರುಬದುರಾಗಿ ಇದ್ದರೆ ಎರಡನೆಯದು ಮಟ್ಟಕ್ಕೊಂದರಂತೆ ಜೀವಾಂಕವನ್ನೂ ಕೊಡುವುದರಿಂದ ಯಾರಾದರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಪೆಟ್ಟು ಬಿದ್ದಾಗ ಉನ್ಮಾದಕ್ಕೆ ಸಿಲುಕಿ ಹತ್ತಿರವಿದ್ದವರನ್ನೇ ಕಡಿಯುವ ಶಾಪ ಆಮೇಲೆ ಹೊರಬೀಳುತ್ತದೆ, ಮತ್ತು ರಿಮೂವ್ ಕರ್ಸ್ ಮಂತ್ರ ಸಿಗುವವರೆಗೆ ಅದನ್ನು ಬಿಡಲಾಗುವುದಿಲ್ಲ. 1981ರಲ್ಲಿ ಸ್ಯಾಂಡಿ ಪೀಟರ್ಸನ್ ರೂಪಿಸಿ ಕೇಯಾಸಿಯಂ ಪ್ರಕಟಿಸಿದ ಕಾಲ್ ಆಫ್ ಕ್ತುಲು ಆಟದಲ್ಲಿ ಇದು ಇನ್ನೂ ಕಠಿಣ: ಅಲ್ಲಿ ಗೂಢಗ್ರಂಥ ಓದಿದಷ್ಟೂ ಆ ಜ್ಞಾನದ ಅಂಕ ಏರುತ್ತದೆ, ಮತ್ತು 99ರಿಂದ ಆ ಅಂಕ ಕಳೆದು ಉಳಿದದ್ದೇ ಪಾತ್ರದ ಮನಃಸ್ಥೈರ್ಯದ ಗರಿಷ್ಠ ಮಿತಿಯಾಗುತ್ತದೆ. ಆ ಆಟದಲ್ಲಿ ಪುಸ್ತಕವನ್ನು ಓದುವವರು ಯಾರು, ಹೊರುವವರು ಯಾರು ಎಂಬುದನ್ನು ತಂಡ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಕೊನೆಯದಾಗಿ, ದೂರದಲ್ಲಿರುವವರನ್ನು ಕೂತಲ್ಲಿಂದಲೇ ನೋಡುವ ಉಪಕರಣಗಳು. ನಮ್ಮಲ್ಲಿ ಕಳೆದುಹೋದದ್ದನ್ನು ಹುಡುಕಲು ವೀಳ್ಯದೆಲೆಗೆ ಅಂಜನ ಹಾಕಿ ನೋಡುವ ಪದ್ಧತಿಯ ಕಥೆಗಳನ್ನು ಕೇಳಿ ಬೆಳೆದವರಿಗೆ ಸ್ಕ್ರೈಯಿಂಗ್ ಮಂತ್ರ ಪರಕೀಯವೆನಿಸುವುದಿಲ್ಲ. ಐದನೆಯ ಹಂತದ ಈ ಮಂತ್ರಕ್ಕೆ 1,000 ನಾಣ್ಯ ಬೆಲೆಯ ಸಾಧನ ಬೇಕು; ಸ್ಫಟಿಕ ಗೋಳ, ಬೆಳ್ಳಿಯ ಕನ್ನಡಿ ಅಥವಾ ಪವಿತ್ರ ಜಲ ತುಂಬಿದ ಪಾತ್ರೆ ಆಗಬಹುದು. ಇದಲ್ಲದೆ ‘ವೆರಿ ರೇರ್’ ದರ್ಜೆಯ ಕ್ರಿಸ್ಟಲ್ ಬಾಲ್ ಎಂಬ ಮಾಂತ್ರಿಕ ವಸ್ತುವೇ ಇದ್ದು, ಅದರ ನೋಟದಿಂದ ತಪ್ಪಿಸಿಕೊಳ್ಳಲು ಎದುರಾಳಿಯ ದಾಳದ ಮೊತ್ತ ಕನಿಷ್ಠ 17 ಆಗಬೇಕು. ಎಲ್ಲರೂ ಆ ಗೋಳದ ಹಿಂದೆ ಬೀಳುತ್ತಾರೆ. ಆದರೆ ನಿಯಮದ ಕೆಳಗಿನ ಕೋಷ್ಟಕ ಬೇರೆಯದನ್ನೇ ಹೇಳುತ್ತದೆ: ಎದುರಾಳಿಯ ಚಿತ್ರ ಇದ್ದರೆ ಅವನ ದಾಳದಿಂದ 2 ಕಳೆಯಬೇಕು, ಅವನ ಬಟ್ಟೆ ಅಥವಾ ಸ್ವಂತ ವಸ್ತು ಇದ್ದರೆ 4, ಕೂದಲು, ಉಗುರಿನಂಥ ದೇಹದ ಭಾಗ ಇದ್ದರೆ 10. ಅವನ ಬಗ್ಗೆ ಬರೀ ಕೇಳಿ ತಿಳಿದಿದ್ದರೆ ಅವನಿಗೇ 5 ಕೂಡುತ್ತದೆ. ಅವನು ಒಮ್ಮೆ ಪಾರಾದನೆಂದರೆ 24 ತಾಸು ಮತ್ತೆ ನೋಡುವಂತಿಲ್ಲ. ಎಂದರೆ ಸಾವಿರಾರು ನಾಣ್ಯದ ಗೋಳಕ್ಕಿಂತ ಒಂದು ಎಳೆ ಕೂದಲು ಹೆಚ್ಚು ಕೆಲಸ ಮಾಡುತ್ತದೆ. ಕತ್ತರಿಸಿದ ಉಗುರನ್ನು, ಬಾಚಿದ ಕೂದಲನ್ನು ಕಂಡಕಂಡಲ್ಲಿ ಬಿಸಾಡಬೇಡ ಎಂದು ಮನೆಯ ಹಿರಿಯರು ಹೇಳುತ್ತಿದ್ದದ್ದು ಈ ಕೋಷ್ಟಕ ಓದಿದಾಗ ನನಗೆ ನೆನಪಾಯಿತು.

ಹೋದ ತಿಂಗಳು ನಮ್ಮ ತಂಡ ಶತ್ರು ಮಂತ್ರವಾದಿಯ ಖಾಲಿ ಗೋಪುರವನ್ನು ಹೊಕ್ಕಾಗ ಎರಡು ವಸ್ತುಗಳ ನಡುವೆ ಆರಿಸಬೇಕಾಯಿತು. ಮಹಡಿ ಕುಸಿಯುತ್ತಿತ್ತು, ಒಂದು ಆ್ಯಕ್ಷನ್ ಮಾತ್ರ ಉಳಿದಿತ್ತು. ಎಡಗಡೆಯ ಪೀಠದ ಮೇಲೆ ಬೆಳ್ಳಿಯ ಕನ್ನಡಿ, ಬಲಗಡೆ ಅವನ ಮಲಗುವ ಕೋಣೆಯ ಬಾಗಿಲು. ವಿಝರ್ಡ್ ಆಡುವವರು ಕನ್ನಡಿಯನ್ನು ಬಿಟ್ಟು ಒಳಗೆ ಓಡಿದರು. ದಿಂಬಿನ ಪಕ್ಕದಲ್ಲಿ ಮರದ ಬಾಚಣಿಗೆ ಇತ್ತು, ಅದರ ಹಲ್ಲುಗಳಲ್ಲಿ ನರೆತ ಕೂದಲು ಸಿಕ್ಕಿಕೊಂಡಿತ್ತು. ಅದೀಗ ಎಲೆಅಡಿಕೆ ಸಂಚಿಯ ಸುಣ್ಣದ ಅರೆಯಲ್ಲಿ ಭದ್ರವಾಗಿದೆ.